ಮಾಸ್ತರಿಕೆ ಬಿಡುವ ಮೊದಲು ಒಂದು ಲೆಕ್ಕ

ಫೆಬ್ರವರಿ ಬಂತೆಂದರೆ ನಮ್ಮ ಆಫೀಸಿಗೆ ಮಾಸ್ತರುಗಳು, ಅಕ್ಕೋರುಗಳು, ಅಂದರೆ ಟೀಚರಮ್ಮಂದಿರು, ಬರಲು ಶುರು. ಕುಮಟಾ ಪೇಟೆಯಲ್ಲಿ ಒಬ್ಬ ಆಡಿಟರ್ ಹತ್ತಿರ ನಾನು ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಬಂದವರು ಮೊದಲು ಇನ್‌ಕಮ್ ಟ್ಯಾಕ್ಸ್ ಕಾಗದ ತೆಗೆಯುತ್ತಾರೆ. ಅದು ಮುಗಿದ ಮೇಲೆ ಕುರ್ಚಿ ಸ್ವಲ್ಪ ಮುಂದೆ ಎಳೆದುಕೊಂಡು, ದನಿ ತಗ್ಗಿಸಿ, "ಟೀಚರ್, ನೀವು ಬಿಟ್ಟಾಗ ದುಡ್ಡೆಲ್ಲ ಸರಿಯಾಗಿ ಬಂತಾ?" ಎನ್ನುತ್ತಾರೆ. ಇವರೂ ಬಿಡುವ ಯೋಚನೆಯಲ್ಲಿದ್ದಾರೆ ಎಂದು ಅಲ್ಲಿಗೆ ನನಗೆ ಗೊತ್ತಾಗುತ್ತದೆ.

ನಾನು ಕರಾವಳಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. 2008ರ ಆಗಸ್ಟ್‌ನಲ್ಲಿ ಸೇರಿದೆ, 2022ರ ಏಪ್ರಿಲ್‌ನಲ್ಲಿ ಬಿಟ್ಟೆ. ಈಗ ದಿನವೆಲ್ಲ ಜಿಎಸ್‌ಟಿ, ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್, ಪಿಎಫ್ (ಭವಿಷ್ಯ ನಿಧಿ). ಆದರೂ ಊರಿನವರಿಗೆ ನಾನು ಇನ್ನೂ ಟೀಚರ್. ಹಾಗಾಗಿ ಭಟ್ಕಳದಿಂದ ಶಿರಸಿವರೆಗಿನ ಶಾಲೆಯವರು ನನ್ನ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಎರಡು ಮೂರು ವರ್ಷದಿಂದ ಅವರ ಪ್ರಶ್ನೆ ಬದಲಾಗಿದೆ. ಮೊದಲು "ಬಿಡಬೇಕಾ, ಬೇಡವಾ" ಎನ್ನುತ್ತಿದ್ದರು. ಈಗ "ಯಾವಾಗ ಬಿಡಲಿ" ಎನ್ನುತ್ತಾರೆ.

ಮಕ್ಕಳು ಸಾಕಾಗಿ ಹೋಯಿತು ಎಂದು ಹೇಳಿದವರನ್ನು ನಾನು ಒಬ್ಬರನ್ನೂ ನೋಡಿಲ್ಲ. ಬೇಸರ ಬಂದಿರುವುದು ಮಕ್ಕಳ ಸುತ್ತ ಬೆಳೆದಿರುವ ಬೇರೆ ಕೆಲಸಗಳಿಂದ. ಸರ್ಕಾರಿ ಶಾಲೆಯ ಒಬ್ಬ ಮಾಸ್ತರರ ದಿನ ನೋಡಿ. ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಎಸ್‌ಎಟಿಎಸ್ ಜಾಲತಾಣದಲ್ಲಿ ಮಕ್ಕಳ ಮಾಹಿತಿ, ಯುಡೈಸ್ ಜಾಲತಾಣದಲ್ಲಿ ಶಾಲೆಯ ಮಾಹಿತಿ, ನಡುವೆ ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ. 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಿದವರೂ ಇವರೇ. ದಸರಾ ರಜೆ ಅದರಲ್ಲೇ ಹೋಯಿತು. ಅಷ್ಟರಲ್ಲಿ ಕೆಲಸ ಮುಗಿಯಲಿಲ್ಲ ಎಂದು ಶಾಲೆಯ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಘಟ್ಟದ ಮೇಲಿನ ಊರುಗಳಲ್ಲಿ ಒಂದು ಒಟಿಪಿಗಾಗಿ ಮೊಬೈಲ್ ಎತ್ತಿ ಹಿಡಿದು ಗುಡ್ಡ ಹತ್ತಿದವರು ನನ್ನ ಪರಿಚಯದಲ್ಲೇ ಇದ್ದಾರೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಓದಿದರೆ, ಶಿಕ್ಷಕರನ್ನು ಪಾಠ ಬಿಟ್ಟು ಬೇರೆ ಕೆಲಸಕ್ಕೆ ಹಾಕಬಹುದಾದದ್ದು ಮೂರಕ್ಕೆ ಮಾತ್ರ: ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಆ ಮೂರೇ ಈಗ ಸಾಕಷ್ಟು ಭಾರ. ಅದರ ಮೇಲೆ ಉಳಿದದ್ದು.

ಖಾಸಗಿ ಶಾಲೆಯ ಕತೆ ಬೇರೆ. ಅಲ್ಲಿ ರಿಸಲ್ಟ್. 2025ರ ಎಸ್‌ಎಸ್‌ಎಲ್‌ಸಿಯಲ್ಲಿ ದಕ್ಷಿಣ ಕನ್ನಡ, ಉಡುಪಿ ಆದ ಮೇಲೆ ಮೂರನೇ ಸ್ಥಾನ ಉತ್ತರ ಕನ್ನಡದ್ದು. ನನಗೂ ಹೆಮ್ಮೆಯೇ. ಆದರೆ ಆ ಸ್ಥಾನದ ಹಿಂದೆ ಬೆಳಿಗ್ಗೆ ಎಂಟಕ್ಕೆ ಶುರುವಾಗುವ ವಿಶೇಷ ತರಗತಿ ಇದೆ, ಸಂಜೆ ಆರರವರೆಗೆ ಕೂರಿಸಿ ಓದಿಸುವುದಿದೆ, ಭಾನುವಾರದ ಟೆಸ್ಟ್ ಇದೆ, ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ ಬರುವ ಪಾಲಕರ ಪ್ರಶ್ನೆ ಇದೆ. ಇದ್ಯಾವುದಕ್ಕೂ ಬೇರೆ ದುಡ್ಡಿಲ್ಲ.

ಅತಿಥಿ ಶಿಕ್ಷಕರದ್ದು ಇನ್ನೂ ಕಷ್ಟ. 2025ರ ಬಜೆಟ್‌ನಲ್ಲಿ ಅವರ ಗೌರವಧನ 2,000 ರೂಪಾಯಿ ಏರಿತು. ಏರಿದ ಮೇಲೆ ಪ್ರಾಥಮಿಕ ಶಾಲೆಯಲ್ಲಿ 12,000, ಹೈಸ್ಕೂಲಿನಲ್ಲಿ 12,500. ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಏಪ್ರಿಲ್, ಮೇಯಲ್ಲಿ ಏನೂ ಇಲ್ಲ. ಜೂನ್‌ನಲ್ಲಿ ಮತ್ತೆ ಅರ್ಜಿ, ಮತ್ತೆ ಕಾಯುವುದು.

ಇದಕ್ಕೆಲ್ಲ ಸೇರಿಕೊಂಡಿದ್ದು ಸುಪ್ರೀಂ ಕೋರ್ಟಿನ 2025ರ ಸೆಪ್ಟೆಂಬರ್ 1ರ ತೀರ್ಪು. ಒಂದರಿಂದ ಎಂಟನೇ ತರಗತಿವರೆಗೆ ಕಲಿಸುವವರು ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಿರಲೇಬೇಕು, ಶಿಕ್ಷಣ ಹಕ್ಕು ಕಾಯ್ದೆ ಬರುವ ಮೊದಲೇ ಕೆಲಸಕ್ಕೆ ಸೇರಿದವರಿಗೂ ಇದು ಅನ್ವಯ ಎಂದು ಅದು ಹೇಳಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಕಡಿಮೆ ಉಳಿದವರು ಹಾಗೇ ಮುಂದುವರಿಯಬಹುದು, ಆದರೆ ಬಡ್ತಿ ಬೇಕೆಂದರೆ ಪಾಸಾಗಬೇಕು. ಉಳಿದವರಿಗೆ ಎರಡು ವರ್ಷದ ಗಡುವು. ಅಷ್ಟರಲ್ಲಿ ಆಗದಿದ್ದರೆ ಕಡ್ಡಾಯ ನಿವೃತ್ತಿ, ಬರಬೇಕಾದ ಸೌಲಭ್ಯಗಳ ಜೊತೆಗೆ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಮಾತ್ರ ದೊಡ್ಡ ಪೀಠಕ್ಕೆ ಕಳಿಸಿತು.

ಈ ತೀರ್ಪು ಬಂದ ವಾರ ಅಂಕೋಲಾ ಕಡೆಯ ಒಬ್ಬರು ಅಕ್ಕೋರು ನಮ್ಮ ಆಫೀಸಿನಲ್ಲಿ ಕೂತು ಅತ್ತುಬಿಟ್ಟರು. ಇಪ್ಪತ್ತೆರಡು ವರ್ಷ ಒಂದನೇ ತರಗತಿಗೆ ಅಕ್ಷರ ಕಲಿಸಿದವರು. "ನನಗೆ ಬರುತ್ತದೋ ಇಲ್ಲವೋ ಎಂದು ಈಗ ಪರೀಕ್ಷೆ ಮಾಡುತ್ತಾರಂತೆ" ಎಂದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಅವರಿಗೆ ನಾನು ಹೇಳಿದ್ದು ಒಂದೇ. ಸಿಟ್ಟಿನಲ್ಲಿ ಬಿಡಬೇಡಿ. 150 ಅಂಕದ ಪತ್ರಿಕೆ, ಸಾಮಾನ್ಯ ವರ್ಗಕ್ಕೆ 90 ಬಂದರೆ ಪಾಸು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ದಿನಕ್ಕೆ ಒಂದು ಗಂಟೆ ಓದಿ ಬರೆಯಿರಿ. ಬಿಡುವುದೇ ಆದರೆ ಪಾಸಾಗಿ ಬಿಡಿ. ಆಗ ಅದು ನೀವು ಬಿಟ್ಟ ಹಾಗೆ, ಅವರು ಕಳಿಸಿದ ಹಾಗೆ ಅಲ್ಲ.

ಈಗ ನಾನು ಹೇಳಲೇಬೇಕು ಎಂದುಕೊಂಡ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ಮಾಸ್ತರಿಕೆಯ ಸಂಬಳ ಯಾವತ್ತೂ ಬರೀ ದುಡ್ಡಿನಲ್ಲಿ ಬಂದಿಲ್ಲ. ಅರ್ಧ ದುಡ್ಡು, ಅರ್ಧ ಮರ್ಯಾದೆ. ಇದಕ್ಕೆ ದೊಡ್ಡ ಇತಿಹಾಸವೇ ಇದೆ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಿಗೆ ಹೈಸ್ಕೂಲು ತಂದ ಕಾಲದಲ್ಲಿ ಮಾಸ್ತರು ಎಂದರೆ ಊರಿಗೆ ಬಂದ ಬೆಳಕು. ಗೌರೀಶ ಕಾಯ್ಕಿಣಿಯವರಂಥ ದೊಡ್ಡ ಬರಹಗಾರರು ನಮ್ಮಲ್ಲಿ ಹೈಸ್ಕೂಲು ಮಾಸ್ತರರಾಗಿದ್ದರು. ಕೋರ್ಟಿನ ಕಾಗದ ಓದಿ ಹೇಳಲು, ಗಂಡು ಹೆಣ್ಣು ನೋಡಲು, ಜಮೀನಿನ ಜಗಳ ಬಗೆಹರಿಸಲು ಜನ ಮಾಸ್ತರರ ಮನೆ ಬಾಗಿಲಿಗೆ ಬರುತ್ತಿದ್ದರು. ಇವತ್ತಿಗೂ ಮೀನು ಪೇಟೆಗೆ ಹೋದರೆ, "ಅಕ್ಕೋರಿಗೆ" ಎಂದು ಎರಡು ಬಂಗಡೆ ಜಾಸ್ತಿ ಹಾಕುವವರು ಇದ್ದಾರೆ. ಅವರ ಮಗಳಿಗೆ ನಾನು ಪಾಠ ಹೇಳಿದ್ದೇನೆ ಅಷ್ಟೇ.

ಆ ಎರಡು ಬಂಗಡೆಯನ್ನು ನಾನು ಸಣ್ಣದು ಎನ್ನುವುದಿಲ್ಲ. ಹದಿನಾಲ್ಕು ವರ್ಷ ನನ್ನನ್ನು ಶಾಲೆಯಲ್ಲಿ ಉಳಿಸಿದ್ದು ಅದೇ. ಆದರೆ ಆಡಳಿತ ಮಂಡಳಿಗಳು ಇದನ್ನು ಚೆನ್ನಾಗಿ ಬಲ್ಲವು. ಸಂಬಳ ಏರಿಸಿ ಎಂದಾಗ "ನೀವು ಮಾಡುತ್ತಿರುವುದು ಸೇವೆ" ಎನ್ನುತ್ತಾರೆ. ಸೆಪ್ಟೆಂಬರ್ 5ಕ್ಕೆ ಒಂದು ಹೂವು, ಒಂದು ಶಾಲು. ಮರ್ಯಾದೆ ಕೊಡುವುದು ಊರಿನ ಜನ, ಅದನ್ನು ಸಂಬಳದ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುವುದು ಸಂಸ್ಥೆ. ಇದು ಸರಿಯಲ್ಲ. ಬಿಡುವ ಹೊತ್ತಿಗೆ ಇದೇ ನಮಗೆ ಮುಳುವಾಗುತ್ತದೆ. ಯಾಕೆಂದರೆ ದುಡ್ಡು ಕೇಳಲು ನಾಚಿಕೆ. ಇಷ್ಟು ವರ್ಷ ಅನ್ನ ಕೊಟ್ಟ ಸಂಸ್ಥೆ, ಏನು ಕೇಳುವುದು ಎಂದು ಸುಮ್ನೆ ಕೈ ಮುಗಿದು ಹೊರಗೆ ಬರುತ್ತೇವೆ. ನನ್ನ ಹತ್ತಿರ ಬರುವವರಲ್ಲಿ ಗ್ರ್ಯಾಚುಟಿ ಎಂಬ ಪದವನ್ನೇ ಕೇಳದವರು ಎಷ್ಟೋ ಜನ. ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಸಂಸ್ಥೆ ಕೊಡಬೇಕಾದ ದುಡ್ಡು ಅದು.

ನನಗೂ ಆಗ ಗೊತ್ತಿರಲಿಲ್ಲ. ರಾಜೀನಾಮೆ ಕೊಟ್ಟಾಗ ಸಹೋದ್ಯೋಗಿಯೊಬ್ಬರು ಹೇಳಿದರು. ಅರ್ಜಿ ಬರೆದುಕೊಟ್ಟೆ. "ಶಿಕ್ಷಕರಿಗೆ ಗ್ರ್ಯಾಚುಟಿ ಬರುವುದಿಲ್ಲ, ಕೇಸು ಕೋರ್ಟಿನಲ್ಲಿದೆ" ಎಂದು ಉತ್ತರ ಬಂತು. ಅದು ಅರ್ಧ ಸತ್ಯ. 1972ರ ಗ್ರ್ಯಾಚುಟಿ ಕಾಯ್ದೆಯಲ್ಲಿ ಶಿಕ್ಷಕರು ನೌಕರರ ವ್ಯಾಖ್ಯೆಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿದ್ದು ಹೌದು. ಆದರೆ ಸಂಸತ್ತು 2009ರಲ್ಲಿ ಕಾಯ್ದೆ ತಿದ್ದಿತು, ಅದೂ 1997ರ ಏಪ್ರಿಲ್ 3ರಿಂದಲೇ ಜಾರಿಯಾಗುವಂತೆ. ಖಾಸಗಿ ಶಾಲೆಗಳು ಅದರ ವಿರುದ್ಧ ಕೋರ್ಟಿಗೆ ಹೋಗಿದ್ದವು. ನಾನು ಶಾಲೆ ಬಿಟ್ಟು ನಾಲ್ಕು ತಿಂಗಳಿಗೆ, 2022ರ ಆಗಸ್ಟ್ 29ಕ್ಕೆ, ಸುಪ್ರೀಂ ಕೋರ್ಟು ತಿದ್ದುಪಡಿ ಸರಿ ಎಂದಿತು. ಆರು ವಾರದೊಳಗೆ ಬಡ್ಡಿ ಸಹಿತ ಕೊಡಿ ಎಂದೂ ಹೇಳಿತು. ಪೇಪರಿನ ಸುದ್ದಿ ಕತ್ತರಿಸಿ ಅರ್ಜಿಗೆ ಅಂಟಿಸಿ ಮತ್ತೆ ಕೊಟ್ಟೆ. ಈ ಸಲ ಇಲ್ಲ ಎನ್ನಲಿಲ್ಲ. ಎರಡು ಕಂತಿನಲ್ಲಿ ಬಂತು.

ನಾನು ಬಿಟ್ಟಾಗಿನ ಲೆಕ್ಕ ಸುಲಭ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ. ನನ್ನದು 18,000 ರೂಪಾಯಿ. ಸೇವೆ 13 ವರ್ಷ 8 ತಿಂಗಳು. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದ್ದರೆ ಅದನ್ನು ಪೂರ್ತಿ ವರ್ಷ ಎಂದು ಹಿಡಿಯುತ್ತಾರೆ, ಹಾಗಾಗಿ 14. ಒಟ್ಟು 1,45,385 ರೂಪಾಯಿ. ಕಾಯಂ ಕೆಲಸದವರಿಗೆ ಐದು ವರ್ಷ ಸತತ ಸೇವೆ ಆಗಿರಬೇಕು, ಸಂಸ್ಥೆಯಲ್ಲಿ ಹತ್ತು ಅಥವಾ ಹೆಚ್ಚು ಜನ ಇರಬೇಕು. ಅರ್ಜಿ ಕೊಟ್ಟರೂ ಸಂಸ್ಥೆ ದುಡ್ಡು ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಬಹುದು. ಒಂದೂವರೆ ಲಕ್ಷ ಎಂದರೆ ನಮ್ಮಂಥ ಮನೆಗೆ ಎಂಟು ತಿಂಗಳ ಖರ್ಚು. ಹೊಸ ಕೆಲಸ ಕಲಿಯಲು ನನಗೆ ಬೇಕಾಗಿದ್ದೂ ಅಷ್ಟೇ ಸಮಯ. ಇದನ್ನು ಕೇಳಲು ನಾಚಿಕೊಳ್ಳುತ್ತೇವಲ್ಲ, ಹೇಳಿ, ಯಾಕೆ?

ಪಿಎಫ್ ವಿಷಯದಲ್ಲಿ ಇನ್ನೊಂದು ಗೊಂದಲ. ಸಂಸ್ಥೆಯಲ್ಲಿ ಇಪ್ಪತ್ತು ಜನ ಇದ್ದರೆ ಪಿಎಫ್ ಕಡ್ಡಾಯ. 15,000 ರೂಪಾಯಿ ವೇತನ ಎಂದು ಹಿಡಿದರೆ ನಮ್ಮಿಂದ ತಿಂಗಳಿಗೆ 1,800 ಹೋಗುತ್ತದೆ, ಸಂಸ್ಥೆಯೂ ಅಷ್ಟೇ ಹಾಕುತ್ತದೆ. ಆದರೆ ಸಂಸ್ಥೆಯ ಪಾಲಿನಲ್ಲಿ 1,250 ಪಿಂಚಣಿ ಖಾತೆಗೆ ಹೋಗುತ್ತದೆ. ಜನ ಪಾಸ್‌ಬುಕ್ಕಿನ ಒಟ್ಟು ಮೊತ್ತ ನೋಡಿ ಖುಷಿಪಡುತ್ತಾರೆ, ಈ ಪಿಂಚಣಿ ಭಾಗ ಮರೆತೇ ಹೋಗುತ್ತದೆ. ಹತ್ತು ವರ್ಷ ತುಂಬಿದರೆ 58ಕ್ಕೆ ತಿಂಗಳ ಪಿಂಚಣಿ. ಲೆಕ್ಕ ಹೀಗೆ: ವೇತನವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸುವುದು. 15,000 ಮತ್ತು 14 ವರ್ಷ ಆದರೆ 3,000 ರೂಪಾಯಿ. ದೊಡ್ಡ ಮೊತ್ತ ಅಲ್ಲ. ಆದರೂ ಔಷಧಿಗೆ ಮಕ್ಕಳ ಮುಂದೆ ಕೈ ಚಾಚದಷ್ಟು. ಹೊಸ ಕೆಲಸದಲ್ಲೂ ಪಿಎಫ್ ಇದ್ದರೆ ಹಳೆಯ ಯುಎಎನ್ (ಪಿಎಫ್ ಸದಸ್ಯರ ಕಾಯಂ ನಂಬರು) ಅನ್ನೇ ಕೊಡಿ, ಹಳೆಯ ಸೇವೆ ಕೂಡಿಕೊಳ್ಳುತ್ತದೆ. ಹೊಸದೊಂದು ನಂಬರು ಮಾಡಿಸಿಕೊಂಡು ಆಮೇಲೆ ಒದ್ದಾಡುವವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಒಂದು ಹೆಸರು, ಮದುವೆಯ ಮೊದಲಿನ ಮನೆತನದ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ. ಇದನ್ನೆಲ್ಲ ರಾಜೀನಾಮೆಗೆ ಮೊದಲು ಸರಿ ಮಾಡಿಸಿಕೊಳ್ಳಬೇಕು. ಬಿಟ್ಟ ಮೇಲೆ ಶಾಲೆಯ ಗುಮಾಸ್ತರು ಫೋನು ಎತ್ತುವುದಿಲ್ಲ.

ಮೂಲ ಪ್ರಮಾಣಪತ್ರಗಳೂ ಹಾಗೆಯೇ. ಸೇರುವಾಗ ಬಿಎಡ್‌ನ ಮೂಲ ಪತ್ರ ತೆಗೆದುಕೊಂಡು ಬೀರುವಿನಲ್ಲಿ ಇಟ್ಟುಕೊಳ್ಳುವ ಶಾಲೆಗಳಿವೆ. ಏನೋ ನೆಪ ಹೇಳಿ ಮೊದಲೇ ಮನೆಗೆ ತನ್ನಿ. ಅನುಭವ ಪತ್ರದಲ್ಲಿ ಸೇರಿದ ತಾರೀಖು, ಬಿಟ್ಟ ತಾರೀಖು, ಕಲಿಸಿದ ವಿಷಯ ಸ್ಪಷ್ಟವಾಗಿ ಇರಲಿ.

ಸರ್ಕಾರಿ ನೌಕರಿಯಲ್ಲಿ ಇರುವವರಿಗೆ ನನ್ನ ಮಾತು ಬೇರೆ. ಅವಸರ ಬೇಡ. 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇರಿದವರು ಹಳೆ ಪಿಂಚಣಿಯವರು. ಅವರು ಸುಮ್ನೆ ರಾಜೀನಾಮೆ ಪತ್ರ ಬರೆದುಕೊಟ್ಟರೆ ಹಿಂದಿನ ಸೇವೆಯೆಲ್ಲ ಪಿಂಚಣಿಯ ಲೆಕ್ಕದಿಂದ ಹೋಗುತ್ತದೆ. ಸ್ವಯಂ ನಿವೃತ್ತಿ ಎಂದರೆ ಬೇರೆ, ರಾಜೀನಾಮೆ ಎಂದರೆ ಬೇರೆ. ಎರಡೂ ಒಂದೇ ಎಂದುಕೊಂಡು ಪತ್ರ ಬರೆಯಲು ಹೊರಟವರನ್ನು ನಾನು ತಡೆದಿದ್ದೇನೆ. ಆಮೇಲೆ ಸೇರಿದವರಲ್ಲಿ ಹೆಚ್ಚಿನವರು ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆಯಲ್ಲಿ ಇದ್ದಾರೆ. ಅವರು ಅವಧಿಗೆ ಮೊದಲು ಬಿಟ್ಟರೆ ಕೂಡಿಟ್ಟ ದುಡ್ಡಿನಲ್ಲಿ ಶೇ 80 ಭಾಗ ಪಿಂಚಣಿ ಕೊಳ್ಳಲು ಹೋಗುತ್ತದೆ, ಕೈಗೆ ಸಿಗುವುದು ಶೇ 20. ಆ ದುಡ್ಡಿನಲ್ಲಿ ಹೋಮ್‌ಸ್ಟೇ ಕಟ್ಟುತ್ತೇನೆ, ಅಡಿಕೆ ತೋಟ ಕೊಳ್ಳುತ್ತೇನೆ ಎಂದು ಲೆಕ್ಕ ಹಾಕಿದವರಿಗೆ ಇದು ಆಘಾತ. ಜೋಯಿಡಾಕ್ಕೆ ವರ್ಗವಾಯಿತು ಎಂಬ ಬೇಸರಕ್ಕೆ ನೌಕರಿ ಬಿಡಬೇಡಿ. ವರ್ಗಾವಣೆ ಇವತ್ತಲ್ಲ ನಾಳೆ ಬದಲಾಗುತ್ತದೆ.

ಅತಿಥಿ ಶಿಕ್ಷಕರಿಗೆ ಇದಕ್ಕೆ ತದ್ವಿರುದ್ಧ. ನೀವು ಕಾಯುವುದರಿಂದ ಕೂಡಿಬರುವುದು ಏನೂ ಇಲ್ಲ. ವಯಸ್ಸು ಮಾತ್ರ ಏರುತ್ತದೆ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಸಾಮಾನ್ಯ ವರ್ಗದಲ್ಲಿ 28, ಆಫೀಸರ್ ಪರೀಕ್ಷೆಗೆ 30 ಮಿತಿ. ಹಿಂದುಳಿದ ವರ್ಗಕ್ಕೆ ಮೂರು ವರ್ಷ, ಪರಿಶಿಷ್ಟರಿಗೆ ಐದು ವರ್ಷ ಸಡಿಲಿಕೆ. ಕಾಯಂ ಆದೀತು, ಕಾಯಂ ಆದೀತು ಎಂದು ಎಂಟು ವರ್ಷ ಕೂತ ಒಬ್ಬ ಹುಡುಗನಿಗೆ ಈಗ 36. ತುಂಬಾ ಚೆನ್ನಾಗಿ ಗಣಿತ ಹೇಳುತ್ತಾನೆ. ಎಲ್ಲ ಬಾಗಿಲೂ ಒಂದೊಂದೇ ಮುಚ್ಚಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅವನನ್ನು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಬಿಟ್ಟು ಎಲ್ಲಿಗೆ ಹೋಗುವುದು? ನಮ್ಮ ಜಿಲ್ಲೆಯಲ್ಲಿ ಕಾರ್ಖಾನೆ ಕಡಿಮೆ. ಬೆಂಗಳೂರಿಗೆ ಹೋಗಿ ಎಂದು ಹೇಳುವುದು ಸುಲಭ, ನಲವತ್ತು ದಾಟಿದವರಿಗೆ ವಯಸ್ಸಾದ ಅಪ್ಪ ಅಮ್ಮ ಇರುತ್ತಾರೆ, ತೋಟ ಇರುತ್ತದೆ. ಊರಿನಲ್ಲೇ ಇದ್ದು ಏನು ಮಾಡಬಹುದು ಎಂಬುದೇ ನಿಜವಾದ ಪ್ರಶ್ನೆ.

ಎಲ್ಲರಿಗೂ ಮೊದಲು ಹೊಳೆಯುವುದು ಕೋಚಿಂಗ್. ಮುಂಡಗೋಡಿನಲ್ಲಿ ನಮ್ಮ ಜಿಲ್ಲೆಯ ನವೋದಯ ಇದೆ, ಆರನೇ ತರಗತಿಗೆ ಪ್ರವೇಶ ಪರೀಕ್ಷೆ: 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಮೊರಾರ್ಜಿ ಶಾಲೆಗಳ ಪರೀಕ್ಷೆಯೂ ಇದೆ. ಇದಕ್ಕೆ ತಯಾರಿ ಮಾಡಿಸುವವರಿಗೆ ಬೇಡಿಕೆ ಇದೆ, ಶಿರಸಿಯಲ್ಲಂತೂ ಜಾಸ್ತಿ. ಆದರೆ ಇದು ಸೀಸನ್ನಿನ ಕೆಲಸ, ಮಾವಿನಮಿಡಿಯ ಹಾಗೆ. ಪರೀಕ್ಷೆ ಮುಗಿದ ಮೇಲೆ ಕೊಠಡಿ ಖಾಲಿ, ಬಾಡಿಗೆ ಮಾತ್ರ ಉಳಿಯುತ್ತದೆ. ಶಾಲೆಯ ದಣಿವಿನಿಂದ ಬಿಟ್ಟವರಿಗೆ ಇದು ಮತ್ತದೇ ದಣಿವು.

ಎಲ್‌ಐಸಿ ಏಜೆಂಟರಾಗುವ ಮಾಸ್ತರುಗಳು ಹಿಂದಿನಿಂದಲೂ ಇದ್ದಾರೆ. ಈಗ ಮ್ಯೂಚುವಲ್ ಫಂಡ್ ಕೂಡ. ಅದಕ್ಕೆ ಎನ್‌ಐಎಸ್‌ಎಂ ಎಂಬ ಷೇರುಪೇಟೆ ತರಬೇತಿ ಸಂಸ್ಥೆ ನಡೆಸುವ ಪರೀಕ್ಷೆ ಪಾಸಾಗಬೇಕು, ನೂರಕ್ಕೆ ಐವತ್ತು ಬಂದರೆ ಸಾಕು. ಮಾಸ್ತರರಿಗೆ ಪರೀಕ್ಷೆ ಕಷ್ಟ ಅಲ್ಲ. ಕಷ್ಟ ಬರುವುದು ಎರಡನೇ ವರ್ಷ. ಮೊದಲ ವರ್ಷ ನೆಂಟರು, ಹಳೆಯ ಪಾಲಕರು, ಪಕ್ಕದ ಮನೆಯವರು "ಮಾಸ್ತರು ಹೇಳಿದ್ದಾರೆ" ಎಂದು ಸಹಿ ಹಾಕುತ್ತಾರೆ. ಅವರು ಸಹಿ ಹಾಕುವುದು ಯೋಜನೆ ನೋಡಿ ಅಲ್ಲ, ನಿಮ್ಮ ಮುಖ ನೋಡಿ. ಆ ಮರ್ಯಾದೆ ನೀವು ವರ್ಷಗಟ್ಟಲೆ ಕೂಡಿಟ್ಟ ಬಂಡವಾಳ. ಕಮಿಷನ್ ಜಾಸ್ತಿ ಎಂದು ಅವರಿಗೆ ಬೇಡದ ಪಾಲಿಸಿ ಮಾರಿದರೆ ಆ ಬಂಡವಾಳ ಒಂದೇ ವರ್ಷಕ್ಕೆ ಕರಗುತ್ತದೆ. ಪ್ರಾಮಾಣಿಕವಾಗಿ ಮಾಡಿ ಗಟ್ಟಿಯಾಗಿ ನಿಂತವರೂ ಇದ್ದಾರೆ. ಹೊನ್ನಾವರದ ಒಬ್ಬ ಮಾಸ್ತರು ಬಂದ ಅರ್ಧ ಜನರಿಗೆ "ನಿಮಗೆ ಇದು ಬೇಡ, ಮೊದಲು ಸಾಲ ತೀರಿಸಿ" ಎಂದು ಹೇಳಿ ಕಳಿಸುತ್ತಾರೆ. ಅವರ ಹತ್ತಿರ ಇವತ್ತು ಜನ ಸಾಲು ನಿಲ್ಲುತ್ತಾರೆ.

ಆನ್‌ಲೈನ್ ಪಾಠದ ಕಂಪನಿಗಳ ಬಗ್ಗೆ ಕೊರೊನಾ ಕಾಲದಲ್ಲಿ ಇದ್ದ ಆಸೆ ಈಗ ಇಲ್ಲ. ಬೈಜೂಸ್‌ನಂಥ ದೊಡ್ಡ ಕಂಪನಿಯೇ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಆದರೂ ಪಾಠದ ಸಾಮಗ್ರಿ ಬರೆಯುವುದು, ಕನ್ನಡಕ್ಕೆ ಅನುವಾದ, ಪ್ರಶ್ನೆಪತ್ರಿಕೆ ಮಾಡುವುದು, ಇಂಥ ಮನೆಯಲ್ಲೇ ಕೂತು ಮಾಡುವ ಕೆಲಸ ಸಿಗುತ್ತದೆ. ಮನೆಯಲ್ಲಿ ನೆಟ್‌ವರ್ಕ್ ಇದ್ದರೆ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋಗುವ ಊರಿನಲ್ಲಿ ಕೂತು ಗಡುವಿನ ಕೆಲಸ ಒಪ್ಪಿಕೊಳ್ಳುವ ಮೊದಲು ಯೋಚಿಸಿ.

ನನಗೆ ಒಗ್ಗಿದ್ದು ಲೆಕ್ಕ. ನಮ್ಮ ಜಿಲ್ಲೆ ಸಹಕಾರಿ ಸಂಘಗಳ ಜಿಲ್ಲೆ. ಶಿರಸಿಯ ತೋಟಗಾರ್ಸ್ ಸೊಸೈಟಿ 1923ರದ್ದು. ಊರೂರಿಗೆ ಸೊಸೈಟಿ, ಅಡಿಕೆ ವ್ಯಾಪಾರಿಗಳು, ಲಾರಿಯವರು, ಮೀನಿನ ಐಸ್ ಪ್ಲಾಂಟಿನವರು, ಗೋಕರ್ಣ ಮುರ್ಡೇಶ್ವರದ ಲಾಡ್ಜಿನವರು, ಎಲ್ಲರಿಗೂ ಲೆಕ್ಕ ಬರೆಯುವವರು ಬೇಕು. ಸಂಜೆ ಹೊತ್ತು ಟ್ಯಾಲಿ ಕಲಿತೆ. ನನ್ನ ವಿದ್ಯಾರ್ಥಿಯ ವಯಸ್ಸಿನ ಹುಡುಗಿ ನನಗೆ ಮಾಸ್ತರು. ಮೊದಲ ಸಂಬಳ 9,000, ಅಂದರೆ ಶಾಲೆಯಲ್ಲಿ ಬರುತ್ತಿದ್ದುದರ ಅರ್ಧ. ಎರಡೂವರೆ ವರ್ಷಕ್ಕೆ ಹಳೆಯ ಸಂಬಳ ದಾಟಿದೆ. ಹಾಗಾಗಿಯೇ ಎಲ್ಲರಿಗೂ ಹೇಳುತ್ತೇನೆ, ಮೊದಲ ವರ್ಷ ಸಂಬಳ ಅರ್ಧ ಆಗುತ್ತದೆ ಎಂದೇ ಹಿಡಿದು ಲೆಕ್ಕ ಹಾಕಿ.

ಹೊಸ ಕಡೆ ಕೆಲಸ ಕೇಳುವಾಗ ನಮ್ಮವರು ಮಾಡುವ ತಪ್ಪು ಒಂದಿದೆ. ಅರ್ಜಿಯಲ್ಲಿ "14 ವರ್ಷ ಬೋಧನಾ ಅನುಭವ" ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ. ಓದುವವರಿಗೆ ಅದರಲ್ಲಿ ಏನೂ ಕಾಣುವುದಿಲ್ಲ. ನೀವು ಮಾಡಿದ್ದೇನು ಎಂದು ಒಮ್ಮೆ ಕೂತು ಬರೆಯಿರಿ. ಇಪ್ಪತ್ತು ಜನ ಶಿಕ್ಷಕರ, ಹನ್ನೆರಡು ತರಗತಿಗಳ ವೇಳಾಪಟ್ಟಿ ಒಂದೂ ಡಿಕ್ಕಿಯಾಗದ ಹಾಗೆ ಮಾಡಿದ್ದೀರಿ. ನೂರು ಮಕ್ಕಳನ್ನು ಎರಡು ಬಸ್ಸಿನಲ್ಲಿ ಬೇಲೂರು ಹಳೇಬೀಡಿಗೆ ಕರೆದುಕೊಂಡು ಹೋಗಿ, ದುಡ್ಡಿನ ಪೈಸೆ ಪೈಸೆ ಲೆಕ್ಕ ಕೊಟ್ಟು, ಎಲ್ಲರನ್ನೂ ಸುರಕ್ಷಿತವಾಗಿ ವಾಪಸ್ ತಂದಿದ್ದೀರಿ. ಸಿಟ್ಟಿನಲ್ಲಿ ಬಂದ ಪಾಲಕರನ್ನು ಕೂರಿಸಿ ಸಮಾಧಾನ ಮಾಡಿ ಕಳಿಸಿದ್ದೀರಿ. ಕಷ್ಟದ ವಿಷಯವನ್ನು ಏನೂ ಗೊತ್ತಿಲ್ಲದವರಿಗೆ ಅರ್ಥವಾಗುವ ಹಾಗೆ ಹೇಳಿದ್ದೀರಿ. ಇವತ್ತು ಅಂಗಡಿಯವರಿಗೆ ಜಿಎಸ್‌ಟಿ ವಿವರಿಸುವಾಗ ನಾನು ಮಾಡುವುದು ಎಂಟನೇ ತರಗತಿಗೆ ಬಲ ಮತ್ತು ಒತ್ತಡ ವಿವರಿಸಿದ್ದೇ ತಾನೆ? ನಮ್ಮ ಆಡಿಟರ್ ನನ್ನನ್ನು ಇಟ್ಟುಕೊಂಡ ಕಾರಣವೂ ಇದೇ. ಲೆಕ್ಕ ಬಲ್ಲವರು ಸಿಗುತ್ತಾರೆ, ಬಂದವರಿಗೆ ತಿಳಿಸಿ ಹೇಳುವವರು ಸಿಗುವುದಿಲ್ಲ ಎಂದರು.

ಹೆಣ್ಣುಮಕ್ಕಳಿಗೆ ಇನ್ನೂ ಒಂದು ಲೆಕ್ಕ ಇದೆ. ಯಾರೂ ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಟೀಚರ್ ಆಗಿದ್ದು ಇಷ್ಟಪಟ್ಟು ಅಷ್ಟೇ ಅಲ್ಲ, ಮನೆಯವರು ಒಪ್ಪಿದ ಕೆಲಸ ಅದೊಂದೇ ಎಂದು. ಮನೆಗೆ ಹತ್ತಿರ, ಮಕ್ಕಳ ರಜೆಗೆ ತಾಯಿಗೂ ರಜೆ. ಬಿಟ್ಟ ಮೊದಲ ಏಪ್ರಿಲ್‌ನಲ್ಲಿ ಇದು ಗೊತ್ತಾಗುತ್ತದೆ. ಮಕ್ಕಳು ಮನೆಯಲ್ಲಿ, ನೀವು ಆಫೀಸಿನಲ್ಲಿ. ಹಲಸಿನ ಹಪ್ಪಳ ಮಾಡುವ ಹೊತ್ತಿಗೆ ಅತ್ತೆ ಒಬ್ಬರೇ. ಮಾರ್ಚ್ ತಿಂಗಳ ಕೊನೆ ನಮ್ಮ ಆಫೀಸಿನಲ್ಲಿ ರಾತ್ರಿ ಎಂಟಾಗುತ್ತದೆ. ಇದನ್ನು ಮನೆಯಲ್ಲಿ ಮೊದಲೇ ಕೂತು ಮಾತಾಡಿ ತೀರ್ಮಾನಿಸಬೇಕು. ಇನ್ನೊಂದು, ಶುಲ್ಕದ ರಿಯಾಯಿತಿ. ಅದೇ ಶಾಲೆಯಲ್ಲಿ ನಿಮ್ಮ ಮಕ್ಕಳು ಓದುತ್ತಿದ್ದರೆ ನೀವು ಬಿಟ್ಟ ದಿನದಿಂದ ಪೂರ್ತಿ ಶುಲ್ಕ. ನನ್ನ ಇಬ್ಬರು ಮಕ್ಕಳ ಲೆಕ್ಕ ಹಾಕಿದಾಗ ತಿಂಗಳಿಗೆ ಸುಮಾರು 3,000 ಆಯಿತು. ಸಂಬಳ ಅರ್ಧ ಆದದ್ದಕ್ಕೆ ನಾನು ಸಿದ್ಧವಾಗಿದ್ದೆ. ಇದಕ್ಕೆ ಸಿದ್ಧವಾಗಿರಲಿಲ್ಲ.

ಮನಸ್ಸಿನ ವಿಷಯ ಒಂದೇ ಮಾತು ಹೇಳುತ್ತೇನೆ. ಮೊದಲ ಜೂನ್ ಕಷ್ಟ. ಮಳೆಯಲ್ಲಿ ಕೊಡೆ ಹಿಡಿದು ಹೊಸ ಚೀಲ ಹಾಕಿಕೊಂಡು ಹೋಗುವ ಮಕ್ಕಳನ್ನು ಬಸ್ ಸ್ಟ್ಯಾಂಡಿನಲ್ಲಿ ನೋಡಿದಾಗ ಗಂಟಲು ಕಟ್ಟುತ್ತದೆ. ಎರಡನೇ ಜೂನ್ ಅಷ್ಟು ಕಷ್ಟ ಅಲ್ಲ.

ಬಿಡುವ ಸಮಯವೂ ಮುಖ್ಯ. ಅರ್ಧ ವರ್ಷಕ್ಕೆ ಬಿಡಬೇಡಿ, ನಿಮಗಾಗಿ ಅಲ್ಲ, ಹತ್ತನೇ ತರಗತಿಯ ಮಕ್ಕಳಿಗಾಗಿ. ಹೊಸಬರು ಬಂದು ಹಿಡಿದುಕೊಳ್ಳುವಷ್ಟರಲ್ಲಿ ಅವರ ಪರೀಕ್ಷೆ ಬಂದಿರುತ್ತದೆ.

ಈ ಫೆಬ್ರವರಿಯಲ್ಲೂ ಒಬ್ಬರು ಬಂದಿದ್ದರು. ಗೋಕರ್ಣದ ಹತ್ತಿರ ಗಂಡನ ಮನೆಯವರ ಹೋಮ್‌ಸ್ಟೇ ಇದೆ, ಶಾಲೆ ಬಿಟ್ಟು ಅದನ್ನೇ ನೋಡಿಕೊಳ್ಳುತ್ತೇನೆ, ಮಾರ್ಚ್ ಕೊನೆಗೆ ರಾಜೀನಾಮೆ ಎಂದರು. ಪಾಸ್‌ಬುಕ್ಕು ತೆಗೆಸಿ ನೋಡಿದೆ. ಮಾರ್ಚ್ ಕೊನೆಗೆ ಪಿಎಫ್ ಸೇವೆ 9 ವರ್ಷ 5 ತಿಂಗಳು. ಹೋಮ್‌ಸ್ಟೇ ಮನೆಯ ವ್ಯವಹಾರ, ಅಲ್ಲಿ ಮುಂದೆ ಪಿಎಫ್ ಇಲ್ಲ, ಸೇವೆ ಕೂಡುವುದಿಲ್ಲ. ಹತ್ತು ತುಂಬಿದರೆ 58ರ ನಂತರ ತಿಂಗಳಿಗೆ ಸುಮಾರು 2,140 ರೂಪಾಯಿ ಬರುತ್ತದೆ. ಈಗ ಬಿಟ್ಟರೆ ಒಂದು ಸಲದ ಮೊತ್ತ ತೆಗೆದುಕೊಂಡು ಮುಗಿಯಿತು. ಅವರು ಕಾಗದದ ಮೇಲೆ ತಾವೇ ಮತ್ತೊಮ್ಮೆ ಗುಣಿಸಿ ಭಾಗಿಸಿ ನೋಡಿದರು, ಗಣಿತದ ಟೀಚರ್ ಅಲ್ವಾ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪೆನ್ನು ಮುಚ್ಚಿ, "ಹಾಗಾದರೆ ಇನ್ನೊಂದು ಬ್ಯಾಚ್ ಎಸ್‌ಎಸ್‌ಎಲ್‌ಸಿ ಮುಗಿಸಿಯೇ ಬರುತ್ತೇನೆ" ಎಂದು ಎದ್ದರು. ಪಾಸ್‌ಬುಕ್ಕಿನ ಪ್ರತಿ ಚೀಲಕ್ಕೆ ಹಾಕಿಕೊಂಡು, ನಾಲ್ಕೂವರೆಯ ಗೋಕರ್ಣ ಬಸ್ಸಿಗೆ ಓಡಿದರು.